ಊರು ಕಟ್ಟುವವರ ಸಿನಿಮಾ, ನಮ್ಮ ಅಡುಗೆಮನೆ

ಟಾಕೀಸಿನಲ್ಲಿ ದೀಪ ಆರಿದ ಕೂಡಲೇ ರಾಜಕುಮಾರ್ ಬರುತ್ತಿರಲಿಲ್ಲ, ನೆನಪಿದೆಯೇ? ಮೊದಲು ಬರುತ್ತಿದ್ದುದು ಕಪ್ಪು ಬಿಳುಪಿನ ಸರ್ಕಾರಿ ಚಿತ್ರ. ಅಣೆಕಟ್ಟು, ಉಕ್ಕಿನ ಕಾರ್ಖಾನೆ, ಶಂಕುಸ್ಥಾಪನೆ ಮಾಡುವ ಮಂತ್ರಿಗಳು, ಸಾಲುಸಾಲಾಗಿ ಒಂದೇ ಥರದ ಹೊಸ ಮನೆಗಳು, ಎಲ್ಲದರ ಮೇಲೂ ಗಂಭೀರವಾದ ಒಂದು ಗಂಡು ಧ್ವನಿ. ಭಾರತ ಸರ್ಕಾರದ ಫಿಲ್ಮ್ಸ್ ಡಿವಿಷನ್ 1948ರಲ್ಲಿ ಹುಟ್ಟಿತು. ಅದರ ಚಿತ್ರವನ್ನು ತೋರಿಸುವುದು ಟಾಕೀಸಿನವರಿಗೆ ಕಡ್ಡಾಯವಾಗಿತ್ತು. ನಾವು ಹೆಂಗಸರು ಆ ಹತ್ತು ಹದಿನೈದು ನಿಮಿಷಗಳನ್ನು ಮಗುವಿಗೆ ಹಾಲು ಕುಡಿಸುವುದಕ್ಕೋ, ಕಡಲೆಕಾಯಿ ಪೊಟ್ಟಣ ಬಿಚ್ಚುವುದಕ್ಕೋ, ಹಿಂದಿನ ಸಾಲಿನಲ್ಲಿ ಕೂತ ನಾದಿನಿಯ ಕಡೆ ತಿರುಗಿ ಮಾತಾಡುವುದಕ್ಕೋ ಬಳಸುತ್ತಿದ್ದೆವು. ಅದು ಸಿನಿಮಾ ಅಂತ ಯಾರಿಗೂ ಅನ್ನಿಸಿರಲಿಲ್ಲ.

ಆ ಚಿತ್ರಗಳಿಗೆ ಯೂರೋಪಿನಲ್ಲಿ ಒಂದು ದೊಡ್ಡ ತವರುಮನೆ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿನ ಊರುಗಳನ್ನು ಹೊಸದಾಗಿ ಕಟ್ಟುವಾಗ, ಹೇಗೆ ಕಟ್ಟುತ್ತೇವೆ, ಯಾಕೆ ಕಟ್ಟುತ್ತೇವೆ ಅಂತ ಜನಕ್ಕೆ ತಿಳಿಸಲು ನೂರಾರು ಸಾಕ್ಷ್ಯಚಿತ್ರಗಳನ್ನು ತೆಗೆದರು. ಆಮೇಲೆ, ಕಟ್ಟಿದ್ದು ಹೇಗಾಯಿತು ನೋಡಿ ಅಂತ ಬೇರೆ ಥರದವರು ಬೇರೆ ಥರದ ಚಿತ್ರಗಳನ್ನು ತೆಗೆದರು. ಇವಕ್ಕೆ ಪ್ರಯೋಗಾತ್ಮಕ ಚಿತ್ರ ಅಂತ ಹೆಸರು. ಕಥೆ ಇಲ್ಲ, ಹಾಡಿಲ್ಲ, ಕೆಲವದರಲ್ಲಿ ಮಾತೂ ಇಲ್ಲ.

ಇದೆಲ್ಲ ನಿಮಗೇಕೆ ಅಂತ ಕೇಳುವಿರಿ. ನನಗೂ ಬೇಕಿರಲಿಲ್ಲ. ನಾವಿರುವುದು ಬೆಂಗಳೂರಿನ ಇಂದಿರಾನಗರದಲ್ಲಿ. ಇಲ್ಲಿನ ಸಿ.ಎಂ.ಎಚ್. ರಸ್ತೆಯಲ್ಲಿ ಜರ್ಮನ್ ಭಾಷೆ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನ ಇದೆ. ಅಲ್ಲಿ ಆಗಾಗ ಇಂಥ ಚಿತ್ರಗಳ ಪ್ರದರ್ಶನ ಇರುತ್ತದೆ. 2003ರಲ್ಲಿ ಶುರುವಾದ 'ಎಕ್ಸ್‌ಪೆರಿಮೆಂಟಾ' ಎಂಬ ಪ್ರಯೋಗಾತ್ಮಕ ಚಿತ್ರಗಳ ಉತ್ಸವದ ಆಟಗಳೂ ಅಲ್ಲಿ ನಡೆದಿವೆ. ನನ್ನ ಮಗಳು ಕಟ್ಟಡ ಶಾಸ್ತ್ರ ಓದುತ್ತಿದ್ದಾಗ, "ಬಾಮ್ಮಾ, ಟಿಕೇಟಿಲ್ಲ, ಒಳಗೆ ತಣ್ಣಗಿರುತ್ತೆ" ಅಂತ ಎಳಕೊಂಡು ಹೋದಳು. ತಣ್ಣಗಿದ್ದದ್ದು ನಿಜ. ನಿದ್ದೆ ಮಾತ್ರ ಬರಲಿಲ್ಲ. ಅಲ್ಲಿ ನೋಡಿದ್ದು ಕೆಲವು, ಆಮೇಲೆ ಅವಳ ಕಂಪ್ಯೂಟರಿನಲ್ಲಿ ಮನೆಯಲ್ಲೇ ನೋಡಿದ್ದು ಹಲವು. ನೋಡುತ್ತಾ ಹೋದಂತೆ ಒಂದು ವಿಷಯ ಗಮನಕ್ಕೆ ಬಂತು. ಊರು ಕಟ್ಟುವವರ ಈ ಸಿನಿಮಾಗಳಲ್ಲಿ ಎಲ್ಲಿ ನೋಡಿದರೂ ಇರುವುದು ಅಡುಗೆಮನೆ. ಅಡುಗೆ ಮಾಡುವವಳನ್ನು ಮಾತಾಡಿಸಿದ ಚಿತ್ರಗಳು ಮಾತ್ರ ಬೆರಳಲ್ಲಿ ಎಣಿಸುವಷ್ಟು.

ಮಾತಾಡಿಸಿದ್ದರಲ್ಲಿ ಮೊದಲನೆಯದು ಯುದ್ಧಕ್ಕಿಂತ ಹಿಂದಿನದು. 1935ರ 'ಹೌಸಿಂಗ್ ಪ್ರಾಬ್ಲಮ್ಸ್', ತೆಗೆದವರು ಎಡ್ಗರ್ ಆನ್‌ಸ್ಟಿ ಮತ್ತು ಆರ್ಥರ್ ಎಲ್ಟನ್. ಲಂಡನ್ನಿನ ಕೊಳೆಗೇರಿಯ ಹೆಂಗಸರು ತಮ್ಮ ತಮ್ಮ ಕೋಣೆಯಲ್ಲೇ ನಿಂತು ಕ್ಯಾಮೆರಾ ನೋಡಿಕೊಂಡು ಮಾತಾಡುತ್ತಾರೆ. ಒಬ್ಬಾಕೆ ಇಲಿಯ ಕಥೆ ಹೇಳುತ್ತಾರೆ. ಎಂಥ ಇಲಿ, ಎಷ್ಟು ದೊಡ್ಡದು, ಹೇಗೆ ಬಂತು, ಹೇಗೆ ಕೊಂದರು ಎಲ್ಲಾನೂ. ನಮ್ಮ ಬೀದಿಯ ನಲ್ಲಿ ಹತ್ತಿರ ನಿಂತು ಕೇಳಿದ ಹಾಗೇ ಇತ್ತು. ಬಡ ಜನ ತಮ್ಮ ಕಷ್ಟವನ್ನು ತಮ್ಮ ಮಾತಲ್ಲೇ ಪರದೆಯ ಮೇಲೆ ಹೇಳಿಕೊಂಡದ್ದು ಅಲ್ಲಿಯವರೆಗೆ ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಆ ಹೆಂಗಸರ ಸಂಕೋಚ ಬಿಡಿಸಿ ಮಾತಿಗೆ ಕೂರಿಸಿದ್ದು ರೂಬಿ ಗ್ರಿಯರ್ಸನ್ ಎಂಬ ಮಹಿಳೆ. ಸಾಕ್ಷ್ಯಚಿತ್ರದ ಪಿತಾಮಹ ಅಂತ ಹೊಗಳಿಸಿಕೊಳ್ಳುವ ಜಾನ್ ಗ್ರಿಯರ್ಸನ್ನರ ತಂಗಿ. ಅಣ್ಣನ ಹೆಸರು ಪುಸ್ತಕಗಳಲ್ಲೆಲ್ಲ ಇದೆ, ತಂಗಿಯದನ್ನು ಹುಡುಕಬೇಕು. ಇರಲಿ.

ಸ್ವಾರಸ್ಯ ಏನು ಗೊತ್ತೇ? ಆ ಚಿತ್ರಕ್ಕೆ ದುಡ್ಡು ಹಾಕಿದವರು ಬ್ರಿಟನ್ನಿನ ಗ್ಯಾಸ್ ಕಂಪನಿಗಳ ಸಂಘದವರು! ಕೊಳೆಗೇರಿ ಕೆಡವಿ ಹೊಸ ಮನೆ ಕಟ್ಟಿದರೆ ಮನೆಮನೆಗೂ ಗ್ಯಾಸ್ ಒಲೆ ಬರುತ್ತದಲ್ಲ. ಇಲಿಯ ಕಥೆ ಹೇಳಿದಾಕೆಗೆ ಆ ಲೆಕ್ಕಾಚಾರ ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದರೂ ಬೇಡ ಅನ್ನುತ್ತಿರಲಿಲ್ಲ ಅಂತ ನನ್ನ ಎಣಿಕೆ.

ಆಮೇಲೆ ಯುದ್ಧ ಬಂತು. ಲಂಡನ್ನಿನ ಮೇಲೆ ತಿಂಗಳುಗಟ್ಟಲೆ ಬಾಂಬು ಬಿತ್ತು. ಹಾಲೆಂಡಿನ ರಾಟರ್‌ಡ್ಯಾಮ್ ನಗರದ ನಡುಭಾಗ 1940ರ ಮೇ 14ರ ಒಂದೇ ಮಧ್ಯಾಹ್ನ ಸುಟ್ಟುಹೋಯಿತು. ಯುದ್ಧ ನಿಂತಾಗ ಇರಲು ಮನೆಯಿಲ್ಲದ ಸಂಸಾರಗಳು ಲಕ್ಷಗಟ್ಟಲೆ. ಹಳೆಯದನ್ನೇ ಹಾಗೇ ಎತ್ತಿ ನಿಲ್ಲಿಸುವುದೋ, ಹೊಸದಾಗಿ ಯೋಚಿಸುವುದೋ? ಹೊಸದಾಗಿ ಅಂದವರ ಚಿತ್ರ 1946ರ 'ಪ್ರೌಡ್ ಸಿಟಿ'. ಲಂಡನ್ನಿನ ಹೊಸ ಯೋಜನೆ ಮಾಡಿದ ಅಬರ್‌ಕ್ರಾಂಬಿ ಮತ್ತು ಫೊರ್ಶಾ ಎಂಬ ಇಬ್ಬರು ದೊಡ್ಡ ಮನುಷ್ಯರು ತಾವೇ ಪರದೆಯ ಮೇಲೆ ಬಂದು, ಭೂಪಟ ಮತ್ತು ಮರದ ಮಾದರಿಗಳನ್ನು ತೋರಿಸಿ ವಿವರಿಸುತ್ತಾರೆ. ಊರನ್ನು ಆರರಿಂದ ಹತ್ತು ಸಾವಿರ ಜನರ ಕೇರಿಗಳಾಗಿ ವಿಂಗಡಿಸುವುದು, ಪ್ರತಿ ಕೇರಿಗೂ ಅದರದೇ ಶಾಲೆ, ಅಂಗಡಿ, ಆಟದ ಬಯಲು, ಶಾಲೆಗೆ ಹೋಗುವ ಮಗು ದೊಡ್ಡ ರಸ್ತೆ ದಾಟುವಂತಿರಬಾರದು. ಎಷ್ಟು ಒಳ್ಳೆಯ ಯೋಚನೆ ನೋಡಿ! ಮಕ್ಕಳನ್ನು ಶಾಲೆಗೆ ಕಳಿಸಿ ಅವು ತಿರುಗಿ ಬರುವವರೆಗೂ ಗೇಟಿನ ಕಡೆ ಕಣ್ಣಿಟ್ಟ ಯಾವ ತಾಯಿಯೂ ಇದನ್ನು ತೆಗೆದುಹಾಕಲಾರಳು.

ಇನ್ನೂ ಚೆಂದದ್ದು 'ಚಾರ್ಲಿ ಇನ್ ನ್ಯೂ ಟೌನ್', 1948ರದು. ಇದು ಕಾರ್ಟೂನು. ಸೈಕಲ್ ತುಳಿಯುತ್ತಾ ಬರುವ ಚಾರ್ಲಿ, ಹಳೇ ಊರಿನ ಹೊಗೆ, ಇಕ್ಕಟ್ಟು ಬಿಟ್ಟು ಹೊಸ ಊರು ಹೇಗೆ ಕಟ್ಟಿಕೊಂಡೆವು ಅಂತ ನಮಗೇ ನೇರವಾಗಿ ಹೇಳುತ್ತಾನೆ. ಹೊಸ ಊರುಗಳಿಗಾಗಿ ಬ್ರಿಟನ್ನು 1946ರಲ್ಲಿ ಕಾಯ್ದೆಯನ್ನೇ ಮಾಡಿತ್ತು, ಅದನ್ನು ಜನಕ್ಕೆ ಒಪ್ಪಿಸಲು ಸರ್ಕಾರ ಮಾಡಿಸಿದ ಚಿತ್ರ ಇದು. ಬರೆದು ರೂಪಿಸಿದವರು ಗಂಡ ಹೆಂಡತಿ, ಜಾನ್ ಹಲಾಸ್ ಮತ್ತು ಜಾಯ್ ಬ್ಯಾಚೆಲರ್. ಚಾರ್ಲಿಯನ್ನು ನೋಡಿದರೆ ನಗು ಬರುತ್ತದೆ, ಹೊಸ ಊರಿಗೆ ಇವತ್ತೇ ಹೋಗಿಬಿಡೋಣ ಅನ್ನಿಸುತ್ತದೆ. ಜಾಹೀರಾತು ಅಂದರೆ ಹಾಗಿರಬೇಕು.

ಈ ಚಿತ್ರಗಳನ್ನು ಈಗ ತಿಳಿದವರು ಗೇಲಿ ಮಾಡುತ್ತಾರೆ. ಪ್ರದರ್ಶನ ಮುಗಿದ ಮೇಲೆ ಚರ್ಚೆ ಅಂತ ಇರುತ್ತದೆ. ಅಲ್ಲಿ ಗಡ್ಡದ ಹುಡುಗರು "ಇದು ಬರೀ ಪ್ರಚಾರ" ಅಂದಾಗ ನನಗೆ ನಮ್ಮತ್ತೆ ನೆನಪಾದರು. ಮುಳಬಾಗಿಲಿನ ಕಡೆಯವರು. ಹದಿನಾರು ವರ್ಷಕ್ಕೆ ಸೊಸೆಯಾಗಿ ಬಂದಂದಿನಿಂದ ಐವತ್ತರವರೆಗೂ ಬಾವಿಯಿಂದ ನೀರು ಸೇದಿ, ತಲೆ ಮೇಲೊಂದು, ಕಂಕುಳಲ್ಲೊಂದು ಬಿಂದಿಗೆ ಹೊತ್ತು ತಂದವರು. ಸೌದೆ ಒಲೆಯ ಹೊಗೆಗೆ ಕಣ್ಣು ಕೆಂಪಗೇ ಇರುತ್ತಿತ್ತು. ನಾವು ಇಂದಿರಾನಗರದಲ್ಲಿ ಮನೆ ಕಟ್ಟಿ 1982ರಲ್ಲಿ ಒಕ್ಕಲು ಬಂದಾಗ ಅವರು ದೇವರ ಮನೆಯ ಕಡೆ ಹೋಗಲೇ ಇಲ್ಲ. ನೇರ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದರು. ನೀರು ಬಂತು. ನಿಲ್ಲಿಸಿದರು. ಮತ್ತೆ ತಿರುಗಿಸಿದರು. "ಇದು ದಿನಾ ಬತ್ತದಾ?" ಅಂದರು. ದಿನಾ ಏನೂ ಬರುತ್ತಿರಲಿಲ್ಲ, ಅದು ಬೇರೆ ಮಾತು. ಆ ಮುಖ ನೋಡಿದವಳು ನಾನು. ನಕ್ಷೆ ಬರೆದು ನೇರ ರಸ್ತೆ, ನಲ್ಲಿ, ಚರಂಡಿ ಹಾಕಿದ ಬಡಾವಣೆಯನ್ನು ಹಗುರವಾಗಿ ಆಡಲು ನನ್ನಿಂದಾಗದು.

ನಮ್ಮ ಊರಿಗೂ ಆ ಯೂರೋಪಿಗೂ ನಂಟು ಬೆಸೆದ ಒಬ್ಬರಿದ್ದಾರೆ. ಹೆಸರು ಆಟೊ ಕೋನಿಗ್ಸ್‌ಬರ್ಗರ್. ಬರ್ಲಿನ್ನಿನ ಯೆಹೂದಿ ಮನೆತನದವರು. 1933ರಲ್ಲಿ ಹಿಟ್ಲರ್ ಬಂದಾಗ ಕೆಲಸ ಕಳೆದುಕೊಂಡು ದೇಶ ಬಿಟ್ಟು, 1939ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾಗಿ ಬೆಂಗಳೂರಿಗೆ ಬಂದರು. ನಮ್ಮವರು ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ವಿಜ್ಞಾನ ಮಂದಿರದ ಕೆಲವು ಕಟ್ಟಡಗಳು, ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ ಅವರ ಕೈಯವು. ಜಮ್‌ಷೆಡ್‌ಪುರಕ್ಕೆ, ಭುವನೇಶ್ವರಕ್ಕೆ ನಕ್ಷೆ ಮಾಡಿದವರೂ ಅವರೇ. ಶಾಲೆ ಹತ್ತಿರ, ಅಂಗಡಿ ಹತ್ತಿರ, ಮಗು ದೊಡ್ಡ ರಸ್ತೆ ದಾಟಬಾರದು ಎಂಬ ಆ ಕೇರಿಯ ಯೋಚನೆಯನ್ನು ಈ ದೇಶದ ಊರುಗಳಿಗೆ ಹೊಂದಿಸಿದವರಲ್ಲಿ ಅವರದು ಮುಖ್ಯ ಹೆಸರು. 1951ರಲ್ಲಿ ಲಂಡನ್ನಿಗೆ ಹೋದರು.

ಅವರು ಬಿಟ್ಟು ಬಂದ ಜರ್ಮನಿ ಎಂಥದ್ದು ಅಂತ ಹನ್ನೆರಡು ನಿಮಿಷದಲ್ಲಿ ತೋರಿಸುವ ಚಿತ್ರವೊಂದಿದೆ. 1961ರ 'ಬ್ರುಟಾಲಿಟೇಟ್ ಇನ್ ಸ್ಟೈನ್', ಅಂದರೆ ಕಲ್ಲಿನಲ್ಲಿ ಕ್ರೌರ್ಯ. ಅಲೆಕ್ಸಾಂಡರ್ ಕ್ಲೂಗೆ, ಪೀಟರ್ ಶಾಮೋನಿ ಎಂಬ ಇಬ್ಬರು ತರುಣರು ತೆಗೆದದ್ದು. ನ್ಯೂರೆಂಬರ್ಗಿನಲ್ಲಿ ನಾಜಿಗಳು ಸಭೆ ಸೇರಲು ಕಟ್ಟಿಸಿದ ಭಾರೀ ಕಟ್ಟಡಗಳು ಖಾಲಿ ಬಿದ್ದಿವೆ. ಒಬ್ಬ ಮನುಷ್ಯನೂ ಇಲ್ಲ. ಕ್ಯಾಮೆರಾ ಮೆಟ್ಟಿಲು, ಕಂಬ, ಗೋಡೆಗಳ ಮೇಲೆ ಸುಮ್ಮನೆ ಸರಿಯುತ್ತದೆ, ಹಿನ್ನೆಲೆಯಲ್ಲಿ ಆ ಕಾಲದ ಭಾಷಣಗಳು, ಆದೇಶಗಳು. ಅಲ್ಲಿ ಅಡುಗೆಮನೆ ಇಲ್ಲ, ಮಗು ಇಲ್ಲ, ಒಣಹಾಕಿದ ಬಟ್ಟೆ ಇಲ್ಲ. ನಾನು ಸೆರಗು ಹೊದ್ದು ಕೂತೆ. ಎ.ಸಿ.ಯ ಚಳಿಯೊಂದೇ ಅಲ್ಲ.

ಇನ್ನು ಫ್ರಾನ್ಸಿಗೆ ಬರೋಣ. ಅಲ್ಲಿ ಯುದ್ಧದ ಮೇಲೆ ಪ್ಯಾರಿಸಿನ ಸುತ್ತ ಹೊಲಗಳ ನಡುವೆ ಉದ್ದುದ್ದ, ಎತ್ತರೆತ್ತರ ಕಾಂಕ್ರೀಟು ಕಟ್ಟಡಗಳನ್ನು ಕಟ್ಟಿ ಸಾವಿರಾರು ಸಂಸಾರಗಳನ್ನು ತುಂಬಿದರು. ಮೋರಿಸ್ ಪಿಯಾಲಾ 1960ರಲ್ಲಿ ಆ ಪ್ರದೇಶದ ಬಗ್ಗೆ ಇಪ್ಪತ್ತು ನಿಮಿಷದ ಚಿತ್ರ ತೆಗೆದರು. ಹೆಸರು 'ಲಮೂರ್ ಎಗ್ಸಿಸ್ತ್', ಪ್ರೀತಿ ಎಂಬುದಿದೆ ಅಂತ ಅರ್ಥ. ಚಿತ್ರದ ತುಂಬ ಇರುವುದು ದೂರದ ಕೆಲಸಕ್ಕೆ ಕತ್ತಲಲ್ಲೇ ಹೊರಡುವ ಜನ, ರೈಲಿಗೆ ಕಾಯುವ ಜನ, ಹೊಸ ಕಟ್ಟಡಗಳ ಪಕ್ಕದಲ್ಲೇ ತಗಡಿನ ಗುಡಿಸಲುಗಳು. ಕೋಪವನ್ನು ಕೂಗದೆ, ಮೆಲ್ಲಗೆ ಹೇಳುವ ಚಿತ್ರ. ನನಗೆ ಇವುಗಳಲ್ಲೆಲ್ಲ ಹೆಚ್ಚು ಮೆಚ್ಚುಗೆಯಾದದ್ದು ಇದೇ.

ಆ ಥರದ ಕಟ್ಟಡಗಳ ಒಂದು ದೊಡ್ಡ ಸಮೂಹ ಸಾರ್ಸೆಲ್ ಎಂಬಲ್ಲಿತ್ತು. ಬಿಸಿನೀರು, ಸ್ನಾನದ ಮನೆ, ಬೆಳಕು ಎಲ್ಲಾ ಇತ್ತು. ಬೆಳಗ್ಗೆ ಗಂಡ ಪ್ಯಾರಿಸಿಗೆ ಹೋದರೆ ರಾತ್ರಿಗೆ ಬರುವುದು. ಮಕ್ಕಳು ಶಾಲೆಗೆ. ಉಳಿದವಳು ಹೆಂಡತಿ, ನಾಲ್ಕು ಗೋಡೆ, ಕಿಟಕಿಯಿಂದ ಆಚೆ ನೋಡಿದರೆ ಇನ್ನೊಂದು ಕಿಟಕಿ. ತವರಿನವರು ದೂರ, ಪಕ್ಕದವಳ ಹೆಸರು ಗೊತ್ತಿಲ್ಲ, ತರಕಾರಿಯವನು ಕೂಗುವುದಿಲ್ಲ. 1960ರ ದಶಕದ ಆರಂಭದಲ್ಲಿ ಫ್ರೆಂಚ್ ಪತ್ರಿಕೆಗಳು ಅಲ್ಲಿನ ಗೃಹಿಣಿಯರ ಬೇಸರ, ಅಳು, ಮಂಕುತನಕ್ಕೆ ಊರಿನ ಹೆಸರಿನಿಂದಲೇ 'ಸಾರ್ಸೆಲಿಟ್' ಅಂತ ರೋಗದ ಹೆಸರು ಕಟ್ಟಿದವು. ಕಾಮಾಲೆ, ವಾತ ಅನ್ನುತ್ತೇವಲ್ಲ ಹಾಗೆ. ಸೋದರಿಯರೆ, ಮದುವೆಯಾಗಿ ಹೊಸ ಊರಿನ ಕ್ವಾರ್ಟರ್ಸಿಗೆ ಬಂದು, ಮಧ್ಯಾಹ್ನ ಎರಡು ಗಂಟೆಗೆ ಗಡಿಯಾರ ನೋಡಿಕೊಂಡು ಕೂತವರಿಗೆ ಈ ರೋಗದ ವಿವರ ನಾನು ಹೇಳಬೇಕಾಗಿಲ್ಲ.

ಆ ಬೇಸರವನ್ನು ಗೊಡಾರ್ ಎಂಬ ಹೆಸರಾಂತ ನಿರ್ದೇಶಕ 1967ರ ತನ್ನ ಚಿತ್ರವೊಂದರಲ್ಲಿ ಹಿಡಿದಿದ್ದಾನೆ. 'ಅವಳ ಬಗ್ಗೆ ನನಗೆ ಗೊತ್ತಿರುವ ಎರಡೋ ಮೂರೋ ಸಂಗತಿ' ಅಂತ ಅದರ ಹೆಸರು. ಅವಳು ಅಂದರೆ ಪ್ಯಾರಿಸ್ ಪ್ರದೇಶ, ಅವಳು ಅಂದರೆ ಆ ಕಥೆಯ ಗೃಹಿಣಿಯೂ ಹೌದು. ಇದು ಸಾಕ್ಷ್ಯಚಿತ್ರವಲ್ಲ, ನಟರಿದ್ದಾರೆ. ಆದರೆ ಪತ್ರಿಕೆಯೊಂದರಲ್ಲಿ ಬಂದ ನಿಜ ವರದಿ ಇದಕ್ಕೆ ಮೂಲ, ಮನೆಗಳೂ ನಿಜವಾದವೇ. ಲಾ ಕೂರ್ನವ್ ಎಂಬಲ್ಲಿ ಸುಮಾರು ನಾಲ್ಕು ಸಾವಿರ ಮನೆ ಇದ್ದುದರಿಂದ 'ನಾಲ್ಕು ಸಾವಿರ' ಅಂತಲೇ ಕರೆಸಿಕೊಂಡ ಕಟ್ಟಡಗಳು. ಗಂಡ, ಮಕ್ಕಳು ಇರುವ ಹೆಂಗಸು, ಮನೆಖರ್ಚು ಸರಿದೂಗದೆ, ಅಂಗಡಿಯ ಗಾಜಿನೊಳಗಿನದೆಲ್ಲ ಕರೆಯುತ್ತಾ ಇರುವಾಗ, ಹಗಲು ಹೊತ್ತು ಮೈ ಮಾರಿಕೊಳ್ಳುತ್ತಾಳೆ. ಓದಿ ಮುಖ ಸಿಂಡರಿಸಬೇಡಿ, ಚಿತ್ರ ಅವಳನ್ನು ಹೀಯಾಳಿಸುವುದಿಲ್ಲ, ಚಪಲಕ್ಕೂ ತೋರಿಸುವುದಿಲ್ಲ. ಕೊನೆಯ ದೃಶ್ಯ ನನಗೆ ಕಣ್ಣಿಗೆ ಕಟ್ಟಿದಂತಿದೆ. ಹಸಿರು ಹುಲ್ಲಿನ ಮೇಲೆ ಸೋಪುಪುಡಿ ಮೊದಲಾದ ಮನೆಬಳಕೆಯ ಪದಾರ್ಥಗಳ ಡಬ್ಬಿ, ಪೊಟ್ಟಣಗಳನ್ನು ಕಟ್ಟಡಗಳ ಹಾಗೆ ಜೋಡಿಸಿ ಇಟ್ಟಿದ್ದಾರೆ. ಒಂದು ಊರಿನ ಹಾಗೇ ಕಾಣುತ್ತದೆ. ಗೊಂಬೆ ಹಬ್ಬಕ್ಕೆ ಮಕ್ಕಳು ಬೆಂಕಿಪೊಟ್ಟಣದಲ್ಲಿ ಊರು ಕಟ್ಟುತ್ತಾರಲ್ಲ, ಹಾಗೆ. 'ನಾಲ್ಕು ಸಾವಿರ'ದ ಉದ್ದನೆಯ ಕಟ್ಟಡವೊಂದನ್ನು 1986ರಲ್ಲಿ ಸಿಡಿಮದ್ದು ಇಟ್ಟು ಉರುಳಿಸಿದರು. ಕಟ್ಟಿ ಪೂರ್ತಿ ಮೂವತ್ತು ವರ್ಷವೂ ಆಗಿರಲಿಲ್ಲ.

ಲಂಡನ್ನಿನಲ್ಲಿ ಉರುಳಿಸುವ ಕೆಲಸ ತಾನಾಗಿಯೇ ಆಯಿತು. 1968ರ ಮೇ 16ರ ಬೆಳಗಿನ ಜಾವ, ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಹೊಚ್ಚ ಹೊಸ ಕಟ್ಟಡದ 18ನೇ ಮಹಡಿಯಲ್ಲಿ ಒಬ್ಬ ಹೆಂಗಸು ಟೀಗೆ ನೀರಿಡಲು ಕಡ್ಡಿ ಗೀರಿದಳು. ಗ್ಯಾಸ್ ಸೋರಿತ್ತು. ಕಟ್ಟಡದ ಒಂದು ಮೂಲೆ ಮೇಲಿಂದ ಕೆಳಗಿನವರೆಗೂ ಇಸ್ಪೀಟಿನ ಎಲೆಗಳ ಹಾಗೆ ಕುಸಿಯಿತು. ನಾಲ್ಕು ಜನ ಸತ್ತರು, ಕಡ್ಡಿ ಗೀರಿದವಳು ಬದುಕಿಕೊಂಡಳು. ಗೋಡೆಗಳನ್ನು ಕಾರ್ಖಾನೆಯಲ್ಲೇ ಎರಕ ಹೊಯ್ದು ತಂದು ಒಂದರ ಮೇಲೊಂದು ಜೋಡಿಸಿದ್ದರು. ಒಂದು ಜಾರಿದರೆ ಮೇಲಿನದಕ್ಕೆ ಆಸರೆಯೇ ಇರಲಿಲ್ಲ. ಆ ಕಟ್ಟಡದ ಕಪ್ಪು ಬಿಳುಪಿನ ಫೋಟೊ ನೋಡಿದ ಮೇಲೆ, ಚಾರ್ಲಿ ಸೈಕಲ್ ತುಳಿದುಕೊಂಡು ಬಂದು ಏನೇ ಹೇಳಿದರೂ ಬ್ರಿಟನ್ನಿನ ಜನ ಮೊದಲಿನ ಹಾಗೆ ನಂಬಲಿಲ್ಲ.

ಹೆಂಗಸೇ ತೆಗೆದ ಚಿತ್ರ ಒಂದೂ ಇಲ್ಲವೇ ಅಂತ ಮಗಳನ್ನು ಕೇಳಿದೆ. ವೇರಾ ಖಿತಿಲೋವಾ ಎಂಬ ಜೆಕ್ ನಿರ್ದೇಶಕಿಯ 1979ರ 'ಪ್ಯಾನೆಲ್‌ಸ್ಟೋರಿ' ಹಾಕಿಕೊಟ್ಟಳು. ಪ್ರಾಗ್ ನಗರದ ಅಂಚಿನಲ್ಲಿ ಅರ್ಧ ಕಟ್ಟಿ ಅರ್ಧ ಬಿಟ್ಟ ಬಡಾವಣೆ. ಮನೆಗಳಿಗೆ ಜನ ಬಂದಾಗಿದೆ, ರಸ್ತೆ ಬಂದಿಲ್ಲ. ಎಲ್ಲೆಲ್ಲೂ ಕೆಸರು. ಹೆಂಗಸರು ಮಗುವಿನ ತಳ್ಳುಗಾಡಿಯನ್ನು ಕೆಸರಿನಲ್ಲಿ ಎಳೆದಾಡುತ್ತಾರೆ. ಹಳ್ಳಿಯಿಂದ ಬಂದ ಮುದುಕರೊಬ್ಬರು ಮನೆ ಹುಡುಕುತ್ತಾ ಅಲೆಯುತ್ತಾರೆ, ಎಲ್ಲ ಕಟ್ಟಡವೂ ಒಂದೇ ಥರ. ಇದೂ ಕಟ್ಟಿದ ಕಥೆಯೇ, ಆದರೆ ಕೆಸರು ನಿಜವಾದದ್ದು. ಅಲ್ಲಿನ ಅಧಿಕಾರಿಗಳಿಗೆ ಈ ಚಿತ್ರ ರುಚಿಸಲಿಲ್ಲವಂತೆ. ರುಚಿಸುವುದಾದರೂ ಹೇಗೆ?

ನಾನಂತೂ ನಕ್ಕೂ ನಕ್ಕೂ ಸುಸ್ತಾದೆ. ನಮ್ಮ ಮಾವನವರ ಕಥೆಯೂ ಅದೇ. ಊರಿಂದ ಬಂದ ಹೊಸದರಲ್ಲಿ ಪಕ್ಕದ ದೂಪನಹಳ್ಳಿಗೆ ಚೊಂಬು ಹಿಡಿದು ಹಾಲಿಗೆ ಹೋದವರು ತಿರುಗಿ ಬರುವಾಗ ದಾರಿ ತಪ್ಪಿದರು. ಹತ್ತನೇ ಕ್ರಾಸಿಗೂ ಹನ್ನೊಂದನೇ ಕ್ರಾಸಿಗೂ ಏನು ವ್ಯತ್ಯಾಸ? ಅರಳಿ ಕಟ್ಟೆ ಇಲ್ಲ, ಗುಡಿ ಇಲ್ಲ, ಗುರುತಿಗೆ ಒಂದು ಹುಣಸೆಮರ ಇಲ್ಲ. ಕೊನೆಗೆ ಹಾಲು ಕೊಟ್ಟ ಮುದುಕಿಯೇ ಕೈ ಹಿಡಿದು ಕರಕೊಂಡು ಬಂದು, "ನಿಮ್ಮ ಯಜಮಾನರನ್ನ ತಂದಿವ್ನಿ ಕಣಮ್ಮಾ, ಹಾಲು ಸೋರಿಲ್ಲ ನೋಡ್ಕೊಳ್ಳಿ" ಅಂತ ನಮ್ಮತ್ತೆಗೆ ಒಪ್ಪಿಸಿ ಹೋದಳು.

ಆ ಮುದುಕಿಯ ಊರು ನಮ್ಮ ನಕ್ಷೆಯಲ್ಲಿ ಇರಲಿಲ್ಲ. ಇಂದಿರಾನಗರ ಅನ್ನುವ ಬಡಾವಣೆ ಬೆಂಗಳೂರು ನಗರಾಭಿವೃದ್ಧಿಯವರ ನಕ್ಷೆಯ ಮೇಲೆ 1970ರ ದಶಕದಲ್ಲಿ ಮೂಡಿದ್ದು. ಮೊದಲು ಸಿ.ಐ.ಟಿ.ಬಿ., 1976ರಿಂದ ಬಿ.ಡಿ.ಎ. ಅದಕ್ಕೂ ಮುಂಚೆ ಇಲ್ಲಿ ಇದ್ದುದು ಬಿನ್ನಮಂಗಲ, ದೂಪನಹಳ್ಳಿ, ಮೋಟಪ್ಪನಪಾಳ್ಯ, ಕೋಡಿಹಳ್ಳಿ. ಹೊಲ ತೆಗೆದುಕೊಂಡು ಸೈಟು ಮಾಡಿದರು, ಹಳ್ಳಿಯ ಮನೆಗಳನ್ನು ಇದ್ದಲ್ಲೇ ಬಿಟ್ಟರು. ನೂರಡಿ ರಸ್ತೆಯ ಪಕ್ಕದಲ್ಲೇ ಎತ್ತಿನ ಗಾಡಿ ತಿರುಗಲು ಜಾಗವಿಲ್ಲದ ಗಲ್ಲಿ ಇವತ್ತಿಗೂ ಇರುವುದು ಅದಕ್ಕೇ. ಬಡಾವಣೆಯವರಿಗೆ ಹಾಲು, ಸೊಪ್ಪು, ಮನೆಕೆಲಸಕ್ಕೆ ಕೈ ಎಲ್ಲಾ ಬಂದದ್ದು ಆ ಗಲ್ಲಿಗಳಿಂದ.

ಕಟ್ಟಿದವರ ಕಥೆಯೂ ಹಾಗೇ. ಸ್ವಿಸ್ ನಿರ್ದೇಶಕ ಅಲೆನ್ ತಾನೆ 1966ರಲ್ಲಿ ನಮ್ಮ ಚಂಡೀಗಡದ ಬಗ್ಗೆ ಒಂದು ಚಿತ್ರ ತೆಗೆದರು. ವಿವರಣೆ ಬರೆದವರು ಇಂಗ್ಲಿಷ್ ಲೇಖಕ ಜಾನ್ ಬರ್ಜರ್. ಯೂರೋಪಿನ ನಗರ ಯೋಜನೆಯ ಮಹಾಗುರು ಲ ಕಾರ್ಬೂಸಿಯೇ ತನ್ನ ದೇಶಗಳಲ್ಲಿ ಪೂರ್ತಿ ಕಟ್ಟಲಾಗದ ಊರನ್ನು ಪಂಜಾಬಿನಲ್ಲಿ ಕಟ್ಟಿದ್ದು ನಿಮಗೆ ಗೊತ್ತಿರಬಹುದು. ಯಂತ್ರಯುಗದ ನಗರ ಅಂತ ಹೆಸರು. ಚಿತ್ರದಲ್ಲಿ ನೋಡಿದರೆ ಆ ಕಾಂಕ್ರೀಟನ್ನೆಲ್ಲ ಹೊತ್ತದ್ದು ಹೆಂಗಸರ ತಲೆ! ಸೀರೆ ಸಲ್ವಾರು ತೊಟ್ಟು, ಬಾಂಡ್ಲಿ ಹೊತ್ತು, ಸಾಲಾಗಿ ಇಳಿಜಾರು ಹತ್ತುತ್ತಾರೆ. ಅವರ ಗುಡಿಸಲಿಗೆ ಆ ನಗರದ ನಕ್ಷೆಯಲ್ಲಿ ಜಾಗ ಇಟ್ಟಿರಲಿಲ್ಲ. ನಮ್ಮ ಮನೆಯ ಮೋಲ್ಡಿಂಗ್ ಹಾಕುವ ದಿನ ಹಾಗೇ ಬಾಂಡ್ಲಿ ಹೊತ್ತ ತಮಿಳು ಹೆಂಗಸರು, ಮರಳಿನ ಗುಡ್ಡೆಯ ಮೇಲೆ ಮಲಗಿಸಿದ್ದ ಕೂಸುಗಳು ನನಗೆ ನೆನಪಿವೆ. ಸಂಜೆ ಅವರಿಗೆ ಪಾಯಸ ಹಾಕಿದ್ದೆವು.

ಅದೇ ಚಂಡೀಗಡದಲ್ಲಿ ಕೆಳದರ್ಜೆ ನೌಕರರ ಮನೆಗಳ ನಕ್ಷೆ ಮಾಡಿದವರಲ್ಲಿ ಜೇನ್ ಡ್ರೂ ಎಂಬ ಮಹಿಳೆ ಇದ್ದರು ಅನ್ನುವುದು ನನಗೆ ಸಮಾಧಾನ. ಹಿತ್ತಲಿಗೂ ಮರೆಗೂ, ರಾತ್ರಿ ಹೊರಗೆ ಮಲಗುವುದಕ್ಕೂ ಜಾಗ ಯೋಚಿಸಿದವರು. ಆಕೆ ಅದಕ್ಕೂ ಮುಂಚೆ 1945ರಲ್ಲಿ ಬ್ರಿಟನ್ನಿನ ಗ್ಯಾಸ್ ಉದ್ಯಮದವರಿಗಾಗಿ ಅಡುಗೆಮನೆ ಹೇಗಿರಬೇಕು ಅಂತ ಪುಸ್ತಿಕೆ ಮಾಡಿಕೊಟ್ಟಿದ್ದರು. ನೋಡಿದಿರಾ, ಮತ್ತೆ ಗ್ಯಾಸ್!

ನಮ್ಮ ದೇಶದವರೂ ತೆಗೆದಿದ್ದಾರೆ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ 1975ರಲ್ಲಿ ಫಿಲ್ಮ್ಸ್ ಡಿವಿಷನ್ನಿಗೆ 'ಸಿಟಿ ಆನ್ ದ ವಾಟರ್' ಮಾಡಿ, ಇಕ್ಕಟ್ಟಾದ ಬೊಂಬಾಯಿಗೆ ಎದುರು ದಡದಲ್ಲಿ ಹೊಸ ಊರು ಬೇಕು ಅಂತ ವಾದಿಸಿದರು. ಹತ್ತು ವರ್ಷದ ಮೇಲೆ, 1985ರಲ್ಲಿ, ಆನಂದ್ ಪಟವರ್ಧನ್ 'ಹಮಾರಾ ಶಹರ್' ತೆಗೆದು ಅದೇ ಬೊಂಬಾಯಿಯ ಫುಟ್‌ಪಾತಿನ ಗುಡಿಸಲುಗಳನ್ನು ಕೀಳುವುದನ್ನು ತೋರಿಸಿದರು. ಎರಡನ್ನೂ ಒಂದೇ ಸಂಜೆ ನೋಡಬೇಕು. ನಮ್ಮದೇ ಸಿ.ಎಂ.ಎಚ್. ರಸ್ತೆಯ ಮೇಲೆ ಮೆಟ್ರೊ ರೈಲಿನ ಕಂಬಗಳು ಎದ್ದು, ಮರಗಳು ಹೋಗಿ, ಅಂಗಡಿಯವರು ಬೀದಿಗಿಳಿದು ಕೂಗಿ, 2011ರ ಅಕ್ಟೋಬರಿನಲ್ಲಿ ರೈಲು ಓಡಿತು. ಮೆಟ್ರೊ ಕಟ್ಟುವ ವರ್ಷಗಳಲ್ಲಿ ಮನೆ, ಅಂಗಡಿ ಕಳೆದುಕೊಂಡವರ ಜೊತೆ ಕ್ಯಾಮೆರಾ ಹಿಡಿದು ನಡೆದವರು ಉಷಾ ರಾವ್ ಮತ್ತು ಗೌತಮ್ ಸೊಂಟಿ. ಅವರ ಚಿತ್ರ 2014ರ 'ಅವರ್ ಮೆಟ್ರೊಪೊಲಿಸ್'. ನನಗೆ ರೈಲೂ ಇಷ್ಟ, ಆ ಚಿತ್ರವೂ ಇಷ್ಟ. ಮೊಣಕಾಲು ನೋವಿದ್ದವಳಿಗೆ ಮೆಜೆಸ್ಟಿಕ್ಕಿಗೆ ಕೂತು ಹೋಗುವುದು ಸಣ್ಣ ವರವಲ್ಲ.

ಈಗ ನಮ್ಮ ಬೀದಿಯ ಪಾಡು ಕೇಳಿ. ವಾಸಕ್ಕೆ ಅಂತಲೇ ನಕ್ಷೆ ಮಾಡಿದ ಬಡಾವಣೆ ಇದು. ಎಡಗಡೆಯ ಮನೆ ಮಾರಾಟವಾಗಿ ಈಗ ಅದು ಹೋಟೆಲು, ರಾತ್ರಿ ಹನ್ನೆರಡರವರೆಗೂ ಢಂ ಢಂ. ಬಲಗಡೆ ಬಟ್ಟೆ ಅಂಗಡಿ. ಬೆಂಗಳೂರಿನ ಮಹಾ ಯೋಜನೆಯನ್ನು 2007ರಲ್ಲಿ ಬದಲಾಯಿಸಿ ಮನೆಗಳ ನಡುವೆ ವ್ಯಾಪಾರಕ್ಕೂ ಹೆಚ್ಚು ಅವಕಾಶ ಕೊಟ್ಟಾಗ ನಮ್ಮಲ್ಲಿ ಅದನ್ನು ಓದಿದ ಹೆಂಗಸರು ಎಷ್ಟು ಜನ? ಗಂಡಸರೂ ಕಡಿಮೆಯೇ ಅನ್ನಿ. ಬಿಲ್ಡರು ಎರಡು ಸಲ ಸಿಹಿ ಡಬ್ಬಿ ಹಿಡಿದು ಬಂದ. ಮಗ ಫೋನಿನಲ್ಲಿ, "ಕೊಟ್ಬಿಡಮ್ಮಾ, ಎರಡು ಫ್ಲಾಟ್ ಬರುತ್ತೆ, ಸುಮ್ನೆ ಯಾಕೆ ಒಬ್ಳೇ ಆ ಗಲಾಟೇಲಿ" ಅಂತಾನೆ. ಅವನು ಹೇಳುವುದರಲ್ಲೂ ನ್ಯಾಯವಿದೆ. ಬಿಲ್ಡರು ತಂದ ಬಣ್ಣದ ಕಾಗದದಲ್ಲಿ ಹಾಲಿನ ಸೋಫಾಗೂ ಚಿತ್ರ ಇತ್ತು, ಎರಡು ಕಾರಿಗೂ ಜಾಗ ಇತ್ತು. ಒಗೆದ ಬಟ್ಟೆ ಎಲ್ಲಿ ಒಣಗಹಾಕುವುದು, ಹಪ್ಪಳ ಎಲ್ಲಿ ಇಡುವುದು ಅಂದೆ. ಕಾಗದ ತಿರುವಿ ತಿರುವಿ ನೋಡಿ, ಕೇಳಿಕೊಂಡು ಬರ್ತೀನಿ ಮೇಡಂ ಅಂದ. ಇನ್ನೂ ಬಂದಿಲ್ಲ. ನಾನೂ ಹ್ಞೂಂ ಅಂದಿಲ್ಲ.

ಇವತ್ತು ತಿಪಟೂರಿನಲ್ಲಿ, ಚಿಂತಾಮಣಿಯಲ್ಲಿ, ನೀವಿರುವ ಊರಿನ ಹೊರಗಿನ ತೋಟದಲ್ಲಿ ಬಿಳಿ ಕಲ್ಲು ನೆಟ್ಟು ಲೇಔಟ್ ಮಾಡುತ್ತಿದ್ದಾರಲ್ಲವೇ? ಊರಿನ ಮಹಾ ಯೋಜನೆ ಮಾಡುವಾಗ ಕರಡನ್ನು ಜನರ ಮುಂದಿಟ್ಟು ಆಕ್ಷೇಪಣೆ ಕೇಳಬೇಕು ಅಂತ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲೇ ಇದೆ. ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ಆ ಪುಟವನ್ನು ಡಬ್ಬಿಯ ತಳಕ್ಕೆ ಹಾಸುವ ಮುಂಚೆ ಒಂದು ಸಲ ಓದಿ. ಕಚೇರಿಗೆ ಹೋಗಿ ನಕ್ಷೆ ತೋರಿಸಿ ಅಂದರೆ ತೋರಿಸಬೇಕು. ಒಬ್ಬರೇ ಹೋಗಲು ಸಂಕೋಚವಾದರೆ ನಾಲ್ಕು ಜನ ಸೇರಿ ಹೋಗಿ, ಹೇಗೂ ಸಂತೆಗೆ ಹೋಗುತ್ತೀರಲ್ಲ. ಶಾಲೆ ಎಲ್ಲಿ, ದೊಡ್ಡ ರಸ್ತೆ ಎಲ್ಲಿ ಅಂತ ಬೆರಳಿಟ್ಟು ಕೇಳಿ. ಸೊಪ್ಪಿನವಳು ಬುಟ್ಟಿ ಇಳಿಸುವುದೆಲ್ಲಿ ಅಂತಲೂ ಕೇಳಿ.

ಈ ಚಿತ್ರಗಳಲ್ಲಿ ಹಳೆಯವು ಕೆಲವು ಈಗ ಮೊಬೈಲಿನಲ್ಲೇ ಬಿಟ್ಟಿಯಾಗಿ ಸಿಗುತ್ತವೆ. ಮಗಳನ್ನೋ ಸೊಸೆಯನ್ನೋ ಕೇಳಿದರೆ ಹುಡುಕಿಕೊಡುತ್ತಾರೆ. ಇಂಗ್ಲಿಷ್ ಬರದಿದ್ದರೂ ಚಿಂತೆಯಿಲ್ಲ, ಇಲಿಯ ಕಥೆ ಹೇಳುವವಳ ಕೈ ನೋಡಿದರೆ ಸಾಕು, ಇಲಿ ಎಷ್ಟು ದೊಡ್ಡದಿತ್ತು ಅಂತ ಗೊತ್ತಾಗುತ್ತದೆ. ಮೊದಲಿಗೆ ಚಾರ್ಲಿಯನ್ನು ನೋಡಿ. ಎಂಟೊಂಬತ್ತು ನಿಮಿಷ, ಕುಕ್ಕರು ಮೂರು ಸಲ ಕೂಗುವಷ್ಟರಲ್ಲಿ ಮುಗಿಯುತ್ತದೆ.